ಟೆಂಟು, ಪದ್ಯಾವಳಿ ಮತ್ತು ಸಿನಿಮಾ ಹುಚ್ಚಿನ ಚರಿತ್ರೆ

ಸಿನಿಮಾ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನಟ, ನಟಿ, ನಿರ್ದೇಶಕ, ನಿರ್ಮಾಪಕ ಇವರ ಹೆಸರುಗಳಿಂದ ಶುರು ಮಾಡುತ್ತಾರೆ. ಟಿಕೇಟು ಕೊಂಡು, ನೆಲದ ಮೇಲೆ ಕೂತು, ಶಿಳ್ಳೆ ಹೊಡೆದು, ಮನೆಗೆ ಬಂದ ಮೇಲೂ ಅದೇ ಗುಂಗಿನಲ್ಲಿ ವಾರವಿಡೀ ಕಳೆದವನ ಹೆಸರು ಅಲ್ಲಿ ಬರುವುದಿಲ್ಲ. ಬರಬೇಕಾಗಿತ್ತು ಎಂಬುದು ನಮ್ಮ ವಾದ. ಕನ್ನಡ ಚಿತ್ರರಂಗದ ಹಳೆಯ ದಿನಗಳ ಬಗ್ಗೆ ಇವತ್ತು ನಮಗೆ ತಿಳಿದಿರುವುದರಲ್ಲಿ ಒಳ್ಳೆಯ ಪಾಲು ಉಳಿದು ಬಂದಿರುವುದು ಚಿತ್ರ ತಯಾರಿಸಿದವರಿಂದಲ್ಲ, ನೋಡಿದವರಿಂದ.

ಮೊದಲ ಚಿತ್ರವನ್ನೇ ತೆಗೆದುಕೊಳ್ಳೋಣ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಕನ್ನಡದಲ್ಲಿ ತೆರೆ ಕಂಡ ಮೊದಲ ವಾಕ್ಚಿತ್ರ ಅದು. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ಬಂಡವಾಳ ಹಾಕಿದವರು ಚಮನ್‌ಲಾಲ್ ಡುಂಗಾಜಿ ಎಂಬ ವ್ಯಾಪಾರಿ. ನಮ್ಮಲ್ಲಿ ಸ್ಟುಡಿಯೋ ಇಲ್ಲದ್ದರಿಂದ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಇಷ್ಟೆಲ್ಲ ವಿವರ ಉಂಟು, ಆದರೆ ಚಿತ್ರವೇ ಇಲ್ಲ! ಅದರ ಒಂದು ಪ್ರತಿಯೂ ಉಳಿದುಬಂದಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ್ದೂ (1931) ಇದೇ ಗತಿ.

ಹೀಗಾದದ್ದೇಕೆ? ಒಂದು ಕಾರಣ ರಸಾಯನಶಾಸ್ತ್ರದ್ದು. ಆ ಕಾಲದ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಭುಗ್ಗೆನ್ನುವಂಥದು, ಬೆಂಕಿ ತಾಗದಿದ್ದರೂ ಸೆಕೆಗೆ ತಾನೇ ಕರಗಿ ಅಂಟಾಗಿ ಕೊನೆಗೆ ಪುಡಿಯಾಗುವಂಥದು. ಇನ್ನೊಂದು ಕಾರಣ ವ್ಯಾಪಾರದ್ದು. ಕಪ್ಪು-ಬಿಳುಪು ಫಿಲ್ಮಿನ ಮೇಲೆ ಚಿತ್ರ ಮೂಡುವುದೇ ಬೆಳ್ಳಿಯಿಂದ. ಊರೂರು ತಿರುಗಿ ಗೀಚು ಬಿದ್ದ ಪ್ರತಿಯನ್ನು ತೊಳೆದರೆ ಆ ಬೆಳ್ಳಿ ಕೈಗೆ ಬರುತ್ತದೆ. ಓಡಿ ಮುಗಿದ ಚಿತ್ರ ನಿರ್ಮಾಪಕನ ಪಾಲಿಗೆ ಹಳೆಯ ಪಂಚಾಂಗ. ಅದನ್ನು ಬಾಡಿಗೆ ಕೊಟ್ಟು ಗೋದಾಮಿನಲ್ಲಿಡುವುದಕ್ಕಿಂತ ತೂಕಕ್ಕೆ ಹಾಕುವುದು ಲಾಭ. ಹೀಗೆ ಬೆಳ್ಳಿತೆರೆಯ ಮೇಲೆ ಮೆರೆದದ್ದು ಬೆಳ್ಳಿಯಾಗಿಯೇ ಮಾರಾಟವಾಯಿತು ಎನ್ನಿ.

ಆದರೆ ನೋಡಿದವನ ಲೆಕ್ಕಾಚಾರ ಬೇರೆ. ಅವನಿಗೆ ಸಿನಿಮಾ ಓಡಿ ಮುಗಿಯುವಂಥದ್ದೇ ಅಲ್ಲ.

ನಮ್ಮ ಅಪ್ಪ-ಚಿಕ್ಕಪ್ಪಂದಿರ ಕಾಲದ ಹಳ್ಳಿ, ಹೋಬಳಿಗಳಲ್ಲಿ ಸಿನಿಮಾ ಎಂದರೆ ಟೆಂಟು. ಊರ ಹೊರಗಿನ ಬಯಲಿನಲ್ಲಿ ಡೇರೆ, ಪರವಾನಗಿ ಮುಗಿದ ಮೇಲೆ ಇನ್ನೊಂದು ಊರಿಗೆ ಪಯಣ. ಹಗಲು ಹೊತ್ತು ಎತ್ತಿನ ಗಾಡಿಗೋ ಜಟಕಾಕ್ಕೋ ಪೋಸ್ಟರು ಕಟ್ಟಿಕೊಂಡು, ತಮಟೆ ಬಾರಿಸುತ್ತ, ಬಣ್ಣದ ಕಾಗದದ ಕರಪತ್ರ ತೂರುತ್ತ ಪ್ರಚಾರ. ಗಾಡಿಯ ಹಿಂದೆ ಓಡಿ ಒಂದು ಕರಪತ್ರ ಹಿಡಿದವನೇ ಆ ದಿನದ ವೀರ. ಸಂಜೆಗೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ್ವರ ಸ್ತುತಿ ಮೊಳಗಿತೆಂದರೆ ಆಟ ಶುರುವಾಗುವ ಹೊತ್ತಾಯಿತು ಎಂದೇ ಲೆಕ್ಕ. ಅದೆಷ್ಟೋ ಊರುಗಳಲ್ಲಿ ಹೆಂಗಸರು ಒಲೆ ಆರಿಸುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಈ ಹಾಡು ಕೇಳಿ.

ಒಳಗೆ ಮುಂದಿನದು ನೆಲ, ಅದಕ್ಕೆ ‘ಗಾಂಧಿ ಕ್ಲಾಸು’ ಎಂಬ ಗೌರವದ ಹೆಸರು. ಹಿಂದೆ ಬೆಂಚು, ಅದರ ಹಿಂದೆ ಊರ ಪಟೇಲರಂಥವರಿಗೆ ಕುರ್ಚಿ. ಹೆಂಗಸರಿಗೊಂದು ಪಕ್ಕ, ಗಂಡಸರಿಗೊಂದು ಪಕ್ಕ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಎತ್ತರದ ಆಸನ ಮಾಡಿಕೊಳ್ಳುವುದು, ಹಿಂದಿನವರು ಬೈಯುವುದು ಇವೆಲ್ಲ ಚಿತ್ರದ ಜೊತೆಗೆ ಸಿಗುತ್ತಿದ್ದ ಉಚಿತ ಮನರಂಜನೆ. ಟೆಂಟಿನಲ್ಲಿ ಇರುತ್ತಿದ್ದದ್ದು ಒಂದೇ ಪ್ರೊಜೆಕ್ಟರು. ಹಾಗಾಗಿ ಒಂದು ರೀಲು ಮುಗಿದು ಇನ್ನೊಂದು ಏರುವವರೆಗೆ ದೀಪ ಹತ್ತಲೇಬೇಕು. ಒಂದು ಸಿನಿಮಾಕ್ಕೆ ಎರಡು ಮೂರು ಇಂಟರ್‌ವಲ್ಲು! ಕಡಲೆಕಾಯಿ, ಗೋಲಿ ಸೋಡಾ ಮಾರುವವರಿಗೆ ಸುಗ್ಗಿ. ಅದಕ್ಕಿಂತ ಮುಖ್ಯವಾಗಿ, ಆ ಬಿಡುವಿನಲ್ಲಿ ಕಥೆ ಮುಂದೇನಾಗುತ್ತದೆ ಎಂಬ ಚರ್ಚೆ. ನಿನ್ನೆಯೇ ನೋಡಿ ಹೋದವನು ಇಂದು ಮತ್ತೆ ಬಂದಿದ್ದರೆ ಅವನೇ ಪಂಡಿತ. ಸಿನಿಮಾ ವಿಮರ್ಶೆ ನಮ್ಮಲ್ಲಿ ಪತ್ರಿಕೆಗಳಲ್ಲಿ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.

ಟೆಂಟಿನ ಬಾಗಿಲಲ್ಲೇ ಮಾರಾಟವಾಗುತ್ತಿದ್ದ ಇನ್ನೊಂದು ಸರಕು ‘ಪದ್ಯಾವಳಿ’. ಕೆಲವೇ ಪುಟಗಳ, ಅಗ್ಗದ ಕಾಗದದ ಹಾಡಿನ ಪುಸ್ತಕ. ಮುಖಪುಟದ ಮೇಲೆ ನಾಯಕ-ನಾಯಕಿ, ಒಳಗೆ ತಾರಾಗಣ, ತಂತ್ರಜ್ಞರ ಪಟ್ಟಿ, ಆಮೇಲೆ ಕಥಾಸಾರಾಂಶ, ಕೊನೆಗೆ ಎಲ್ಲ ಹಾಡುಗಳು. ಕಥಾಸಾರಾಂಶದ್ದೊಂದು ಮಜಾ. ನಾಯಕ ಸಂಕಟಕ್ಕೆ ಸಿಕ್ಕಿಕೊಳ್ಳುವವರೆಗೆ ಕಥೆ ಹೇಳಿ, ಥಟ್ಟನೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆಯೇ ನೋಡಿ ಆನಂದಿಸಿ ಎಂದು ಮುಗಿಸುವುದು ರೂಢಿ. ಅಂದಿಗೆ ಅದು ಟಿಕೇಟು ಮಾರುವ ಉಪಾಯ. ಇಂದು ಪ್ರತಿ ಕಳೆದುಹೋಗಿ ಪದ್ಯಾವಳಿಯೊಂದೇ ಉಳಿದ ಚಿತ್ರದ ಮಟ್ಟಿಗೆ ಅದು ಕ್ರೂರ ಹಾಸ್ಯ. ನೋಡಲು ಬೆಳ್ಳಿತೆರೆಯಲ್ಲಿ ಏನೂ ಇಲ್ಲ. ನಾಯಕ ಶಾಶ್ವತವಾಗಿ ಸಂಕಟದಲ್ಲಿಯೇ ನಿಂತಿದ್ದಾನೆ.

ಈ ಪದ್ಯಾವಳಿಗಳನ್ನು ಜೋಪಾನವಾಗಿಟ್ಟವರಾರು? ಗ್ರಂಥಾಲಯಗಳ ಲೆಕ್ಕದಲ್ಲಿ ಅದು ಪುಸ್ತಕವೇ ಅಲ್ಲ. ಮಡಿಸಿದ ಸೀರೆಗಳ ಅಡಿಯಲ್ಲಿ, ಟ್ರಂಕಿನ ತಳದಲ್ಲಿ, ಗೋಣಿದಾರದಲ್ಲಿ ಹೊಲಿದು ಕಟ್ಟಿಟ್ಟವರು ಸಿನಿಮಾ ಹುಚ್ಚಿನ ಅಣ್ಣಂದಿರು, ಅತ್ತೆಯಂದಿರು, ಹಾಡು ಕಲಿಯುವ ಆಸೆಯ ಅಕ್ಕಂದಿರು. ಪದ್ಯಾವಳಿ ಸಿಗದಿದ್ದರೆ ರೇಡಿಯೋ ಮುಂದೆ ಕೂತು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು. ಒಮ್ಮೆಗೆ ಪಲ್ಲವಿ ಮಾತ್ರ ಸಿಗುತ್ತದೆ. ಚರಣಕ್ಕೆ ಇನ್ನೊಮ್ಮೆ ಪ್ರಸಾರವಾಗುವವರೆಗೆ ಕಾಯಬೇಕು. ಕಾಯಲಾರದವರು ಆಕಾಶವಾಣಿಗೆ ಕೋರಿಕೆಯ ಕಾರ್ಡು ಬರೆಯುವುದು, ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ತುಂಬುವುದು, ಹಾಡಿಗಿಂತ ಹೆಚ್ಚಾಗಿ ತಮ್ಮ ಹೆಸರು ಕೇಳಲು ಕಾಯುವುದು. ಪತ್ರಿಕೆಗಳಲ್ಲಿ ‘ವಿಜಯಚಿತ್ರ’, ಮಣಿಪಾಲದ ‘ರೂಪತಾರಾ’. ಅವುಗಳ ನಡುಪುಟ ಮನೆಯ ಗೋಡೆಗೆ, ಉಳಿದದ್ದು ಕತ್ತರಿಸಿ ಆಲ್ಬಮ್ಮಿಗೆ.

ಇದರಲ್ಲಿ ಕೂಡಿಡುವುದಷ್ಟೇ ಅಲ್ಲ, ಮಾಡುವುದೂ ಇತ್ತು. ಟೆಂಟಿನ ಪ್ರೊಜೆಕ್ಟರು ಕೋಣೆಯ ಹಿಂದೆ ಬಿಸಾಡಿದ ಫಿಲ್ಮಿನ ತುಂಡುಗಳನ್ನು ಹುಡುಗರು ಹೆಕ್ಕಿ ತರುತ್ತಿದ್ದರು. ರಟ್ಟಿನ ಡಬ್ಬಕ್ಕೆ ಕಿಂಡಿ ಕೊರೆದು, ಕೆಟ್ಟುಹೋದ ಬಲ್ಬಿನ ಒಳಗಿನದನ್ನು ತೆಗೆದು ನೀರು ತುಂಬಿದರೆ ಅದೇ ಮಸೂರ. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಕ್ಕೆ ತಿರುಗಿಸಬೇಕು, ಒಳಗೆ ಕತ್ತಲು ಮಾಡಿ ಅಮ್ಮನ ಬಿಳಿ ಪಂಚೆ ಕಟ್ಟಬೇಕು. ಫಿಲ್ಮನ್ನು ತಲೆಕೆಳಗಾಗಿ ಇಟ್ಟರೆ ಗೋಡೆಯ ಮೇಲೆ ರಾಜಕುಮಾರ್ ನೆಟ್ಟಗೆ ನಿಲ್ಲುತ್ತಾರೆ! ಚಿತ್ರ ಅಲುಗಾಡುವುದಿಲ್ಲ, ಮಾತಾಡುವುದಿಲ್ಲ. ಮಾತನ್ನು ನಾವೇ ಹೇಳಬೇಕು. ಸೂರ್ಯ ಸರಿದಂತೆ ಕನ್ನಡಿಯವನೂ ಸರಿಯಬೇಕು, ಮೋಡ ಬಂದರೆ ಇಂಟರ್‌ವಲ್ಲು. ನಮ್ಮ ಪೀಳಿಗೆಯವರಿಗೂ ಈ ಆಟದ ಕೊನೆಯ ಕಂತು ಸಿಕ್ಕಿತ್ತು. ಬೆಳಕು, ಮಸೂರ, ತಲೆಕೆಳಗಾಗುವ ಬಿಂಬ ಇವನ್ನು ಶಾಲೆಯ ಭೌತಶಾಸ್ತ್ರಕ್ಕಿಂತ ಮೊದಲು ಕಲಿಸಿದ್ದು ಅದೇ.

ಊರಿನಿಂದ ಬೆಂಗಳೂರಿಗೆ ಬಂದರೆ ಹುಚ್ಚಿನ ಪ್ರಮಾಣವೇ ಬೇರೆ. ಕೆಂಪೇಗೌಡ ರಸ್ತೆ, ಗಾಂಧಿನಗರದ ಸುತ್ತ ಚಿತ್ರಮಂದಿರಗಳ ಸಾಲು: ಸಾಗರ್, ಸಂತೋಷ್, ನರ್ತಕಿ, ತ್ರಿಭುವನ್, ಕೈಲಾಶ್, ಕಪಾಲಿ, ಮೇನಕಾ, ಅಲಂಕಾರ್. 1972ರಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆ ಕೇಳದ ಕನ್ನಡಿಗನಿಲ್ಲ. ಹೊಸ ಚಿತ್ರದ ಹಿಂದಿನ ರಾತ್ರಿ ಅಭಿಮಾನಿಗಳು ಬಿದಿರು, ಬಣ್ಣದ ಕಾಗದ, ಜರಿಯಿಂದ ನಕ್ಷತ್ರ ಕಟ್ಟುತ್ತಿದ್ದರು. ಕಟೌಟಿಗೆ ಹಾರ ಏರಿಸುತ್ತಿದ್ದರು. ಹಗಲು ಕಾರ್ಖಾನೆ, ಗ್ಯಾರೇಜು, ಹೂವಿನ ಅಂಗಡಿಗಳಲ್ಲಿ ದುಡಿಯುವ ಕೈಗಳು ಇವು. ರಾಜಕುಮಾರ್ ಇವರನ್ನು ‘ಅಭಿಮಾನಿ ದೇವರುಗಳು’ ಎಂದದ್ದು ನಾಡಿಗೆಲ್ಲ ಗೊತ್ತು. ಅತಿರೇಕಗಳಿದ್ದವು, ಇಲ್ಲವೆನ್ನುವುದಿಲ್ಲ. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದದ್ದನ್ನು ಮರೆಯಲಾಗದು. ಆದರೆ ಅದೊಂದನ್ನೇ ಹಿಡಿದು ಅಭಿಮಾನಿಯ ಚರಿತ್ರೆ ಬರೆದರೆ, ನಕ್ಷತ್ರ ಕಟ್ಟಿದ ಸಾವಿರ ರಾತ್ರಿಗಳಿಗೆ ಅನ್ಯಾಯ ಮಾಡಿದಂತೆ.

ಈಗ ಆ ಸಾಲು ಕರಗಿದೆ. 1968ರಲ್ಲಿ ಆರಂಭವಾಗಿದ್ದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. ಸ್ಟೇಟ್ಸ್ ಹೆಸರು ಬದಲಿಸಿ ಭೂಮಿಕಾ ಆಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಇಡೀ ಪ್ರದೇಶಕ್ಕೆ ತನ್ನ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರ ಇಲ್ಲವಾಗಿ ಎಷ್ಟೋ ಕಾಲವಾಯಿತು; ಬಸ್ಸಿನ ಕಂಡಕ್ಟರು ಮಾತ್ರ ಇವತ್ತಿಗೂ ಅದರ ಹೆಸರನ್ನು ಕೂಗುತ್ತಿದ್ದಾನೆ.

ಇಂಥ ಹುಚ್ಚು ಒಬ್ಬ ಮನುಷ್ಯನಲ್ಲಿ ಪೂರ್ತಿಯಾಗಿ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಪಿ.ಕೆ. ನಾಯರ್ ಸಾಕ್ಷಿ. 1933ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಈ ಹುಡುಗ ಸಿನಿಮಾ ಟಿಕೇಟಿನ ಚೂರುಗಳನ್ನು, ತೂಕದ ಯಂತ್ರದಿಂದ ಬೀಳುತ್ತಿದ್ದ ತಾರೆಯರ ಚಿತ್ರದ ಚೀಟಿಗಳನ್ನು ಕೂಡಿಡುತ್ತಿದ್ದ. ಹಿರಿಯರಿಗೆ ಇದೊಂದು ಕೆಲಸಕ್ಕೆ ಬಾರದ ಗೀಳು. ಚಿತ್ರ ನಿರ್ದೇಶಕನಾಗಬೇಕೆಂದು ಮುಂಬಯಿಗೆ ಹೋದವರು ಆಗಲಿಲ್ಲ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಸೇರಿದರು, ಮುಂದೆ ಅದರ ನಿರ್ದೇಶಕರಾದರು, 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12,000 ಚಿತ್ರಗಳನ್ನು ಅಲ್ಲಿ ಕಲೆಹಾಕಿದ್ದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ (1913) ಉಳಿದ ರೀಲುಗಳು, ‘ಕಾಳಿಯ ಮರ್ದನ’ (1919) ನಮಗೆ ದಕ್ಕಿದ್ದು ಅವರಿಂದ. ಕತ್ತಲಲ್ಲಿ ಸಿನಿಮಾ ನೋಡುತ್ತಲೇ ಟಿಪ್ಪಣಿ ಬರೆದುಕೊಳ್ಳುವುದು ಅವರ ಅಭ್ಯಾಸ. ಟಿಕೇಟಿನ ಚೂರಿನಿಂದ ಶುರುವಾದ ಹವ್ಯಾಸ ಒಂದು ದೇಶದ ನೆನಪಾಯಿತು.

ಈ ನಾಯರ್‌ಗೂ ನಮ್ಮ ಸಾಗರ ತಾಲ್ಲೂಕಿಗೂ ಒಂದು ನಂಟುಂಟು. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ 1973ರಲ್ಲಿ ಅಲ್ಲಿ ಚಿತ್ರಸಮಾಜ ಆರಂಭಿಸಿದರು. ಅಡಿಕೆ ತೋಟದ ನಡುವಿನ ಹಳ್ಳಿಗೆ ಪುಣೆಯ ಭಂಡಾರದಿಂದ ಚಿತ್ರಗಳು ಬಂದವು: ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ. ತೋಟದ ಕೆಲಸ ಮುಗಿಸಿ ಬಂದ ರೈತರು ‘ಪಥೇರ್ ಪಾಂಚಾಲಿ’, ‘ರಾಶೋಮನ್’, ‘ಬೈಸಿಕಲ್ ಥೀವ್ಸ್’ ನೋಡಿದರು, ಕೂತು ಚರ್ಚಿಸಿದರು. ನಾಯರ್ ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ಹತ್ತಾರು ವರ್ಷಗಳ ಹಿಂದೆ ನೋಡಿದ ಆ ಚಿತ್ರಗಳನ್ನು ನೆನೆಯುತ್ತಾರೆ. ಹಳ್ಳಿಯವರಿಗೆ ಹಾಡು, ಹೊಡೆದಾಟ ಸಾಕು ಎನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಭಂಡಾರವೂ ಅಮರವಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ನೈಟ್ರೇಟ್ ಫಿಲ್ಮುಗಳ ದೊಡ್ಡ ಸಂಗ್ರಹ ಬೂದಿಯಾಯಿತು. ನಾಯರ್ 2016ರ ಮಾರ್ಚ್‌ನಲ್ಲಿ ತೀರಿಕೊಂಡರು. ಆದರೂ ಅವರಂಥವರ ಹಟ ಫಲ ಕೊಡುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುಣೆಯಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಉಳಿಸಿದ್ದರಿಂದ ಉಳಿಯಿತು, ಅಷ್ಟೇ ಸರಳ. ‘ಸತಿ ಸುಲೋಚನ’ಕ್ಕೆ ಆ ಭಾಗ್ಯವಿರಲಿಲ್ಲ, ಯಾಕೆಂದರೆ 1934ರಲ್ಲಿ ಇಂಥದ್ದೊಂದು ಭಂಡಾರವಿರಲಿಲ್ಲ.

ಇಷ್ಟೆಲ್ಲ ಹೊರದೇಶದಲ್ಲಿ ಕೂತ ನಮಗೇಕೆ? ನಾವೂ ಈ ಹುಚ್ಚಿನ ವಂಶಸ್ಥರೇ. ದಿನಸಿ ಅಂಗಡಿಯ ಮೂಲೆಯಿಂದ ಸವೆದ ಕನ್ನಡ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ತಂದವರು ನಾವು. ಭಾನುವಾರದ ಬೆಳಗಿನ ಆಟಕ್ಕೆ ಚಿತ್ರಮಂದಿರ ಬಾಡಿಗೆ ಹಿಡಿದು, ಮಿಂಚಂಚೆಯಲ್ಲಿ ಟಿಕೇಟು ಮಾರಿ, ‘ಮುಂಗಾರು ಮಳೆ’ಗೆ (2006) ಎಂಬತ್ತು ಮೈಲಿ ಕಾರು ಓಡಿಸಿದ ಬಳಗಗಳು ಇಲ್ಲಿವೆ. ಟೆಂಟಿನ ಹಿಂದಿನ ಫಿಲ್ಮಿನ ತುಂಡಿಗೂ ಆ ಮುಂಜಾನೆಗೂ ನಡುವೆ ಅಂಥ ದೂರವೇನಿಲ್ಲ.

ಹಾಗಾಗಿ ಒಂದು ವಿನಂತಿ. ಈ ಸಲ ಊರಿಗೆ ಹೋದಾಗ ಅಟ್ಟದ ಟ್ರಂಕನ್ನು ರದ್ದಿಯವನಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿ. ಪದ್ಯಾವಳಿ, ಕರಪತ್ರ, ಹಾಡು ಬರೆದಿಟ್ಟ ನೋಟುಬುಕ್ಕು, ಚಿತ್ರಮಂದಿರದ ಮುಂದೆ ತೆಗೆಸಿಕೊಂಡ ಫೋಟೋ ಏನಿದ್ದರೂ ಸ್ಕ್ಯಾನ್ ಮಾಡಿ. ಯಾವ ಊರು, ಯಾವ ಟಾಕೀಸು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಹೆಸರು, ಇಸವಿ ಇಲ್ಲದ ಚಿತ್ರ ಗಣಕಯಂತ್ರದಲ್ಲಿದ್ದರೂ ಕಳೆದುಹೋದಂತೆಯೇ ಎಂಬುದು ಈ ಕಸುಬಿನವರಾದ ನಮಗೆ ಚೆನ್ನಾಗಿ ಗೊತ್ತು. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಇರಲಿ. ಮೂಲವನ್ನು ಯಾವುದಾದರೂ ಒಳ್ಳೆಯ ಗ್ರಂಥಾಲಯಕ್ಕೆ ಕೊಡುವ ಮನಸ್ಸು ಮಾಡಿ. ಕೇಳಬೇಕಾದ ಹಿರಿಯರಿಗೆ ಎಂಬತ್ತು ದಾಟಿದೆ; ಅವರಿಗೆ ನೆನಪಿರುವಾಗಲೇ ಈ ಕೆಲಸ ಆಗಬೇಕು.