ಹೊಣೆಯ ನಡುವೆ ಶರಣು: ಯಳಂದೂರಿನ ವಿಶಾಲಾಕ್ಷ ಪಂಡಿತರು

ಸಂಸಾರದ ಹೊರೆ ಹೆಗಲಿಗೆ ಭಾರವೆನಿಸಿದಾಗ ಮನುಷ್ಯನು ದೇವರನ್ನು ನೆನೆಯುವುದು ಸಹಜ. ಮಗಳ ಮದುವೆ, ಅಂಗಡಿಯ ಸಾಲ, ಬಸದಿಯ ಲೆಕ್ಕಪತ್ರ, ವೃದ್ಧ ತಂದೆತಾಯಿಗಳ ಶುಶ್ರೂಷೆ ಇವೆಲ್ಲವೂ ಏಕಕಾಲದಲ್ಲಿ ಎದುರಾದಾಗ ಎಲ್ಲವನ್ನೂ ತೊರೆದು ದೂರ ಹೋಗಬೇಕೆನಿಸುವುದೂ ಉಂಟು. ಆದರೆ ವರವನ್ನೂ ಶಾಪವನ್ನೂ ಕೊಡದ ವೀತರಾಗ ಜಿನನಿಗೆ ಶರಣು ಹೋಗುವುದೆಂದರೆ ಏನು? ಯಳಂದೂರಿನ ಇತಿಹಾಸದಲ್ಲಿ ಈ ಪ್ರಶ್ನೆಗೆ ಚಿಂತನಾರ್ಹವಾದ ಒಂದು ನಿದರ್ಶನವಿದೆ.

ಸುವರ್ಣಾವತಿಯ ತೀರದ ಯಳಂದೂರನ್ನು ಕನ್ನಡ ನಾಡು 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿ ಹೊನ್ನಮ್ಮನ ಊರೆಂದು ಬಲ್ಲದು. ಆಕೆ ಬಾಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ ಇದೇ ಊರಿನ ಜೈನ ವಿದ್ವಾಂಸರಾದ ವಿಶಾಲಾಕ್ಷ ಪಂಡಿತರು ರಾಜ್ಯದ ಪ್ರಧಾನ ಮಂತ್ರಿಗಳಾಗಿದ್ದರು. ಒಡೆಯರು ಪಟ್ಟಕ್ಕೆ ಬರುವ ಮೊದಲು, ರಾಜಧಾನಿಯಿಂದ ದೂರವಾಗಿ ಹಂಗಳದಲ್ಲಿದ್ದ ದಿನಗಳಲ್ಲಿ ಪಂಡಿತರು ಅವರ ಆಪ್ತರಾಗಿದ್ದರು. 1673ರಲ್ಲಿ ಒಡೆಯರು ಸಿಂಹಾಸನವೇರಿದಾಗ ಆ ಸ್ನೇಹವೇ ಮಂತ್ರಿಪದವಿಯಾಗಿ ಪಂಡಿತರ ಹೆಗಲೇರಿತು.

ಅದು ಸುಖದ ಪದವಿಯಾಗಿರಲಿಲ್ಲ. ಸುತ್ತಲೂ ಯುದ್ಧದ ಭೀತಿ, ಒಳಗೆ ಬೊಕ್ಕಸದ ಚಿಂತೆ. 1677ರಲ್ಲಿ ಶಿವಾಜಿ ಮಹಾರಾಜರ ಸೈನ್ಯವು ದಕ್ಷಿಣದ ದಂಡಯಾತ್ರೆಯಲ್ಲಿತ್ತು. ಅದೇ ವರ್ಷ ಪಂಡಿತರು ಸ್ವಂತ ವೆಚ್ಚದಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕವನ್ನು ನೆರವೇರಿಸಿದರೆಂದು ಅನಂತಕವಿಯ ಕೃತಿಯಿಂದ ತಿಳಿದುಬರುತ್ತದೆ. ರಾಜ್ಯವನ್ನು ಗೆದ್ದೂ ತ್ಯಜಿಸಿದ ಬಾಹುಬಲಿಯ ಪಾದದಡಿಯಲ್ಲಿ, ರಾಜ್ಯಭಾರವನ್ನು ಹೊತ್ತ ಶ್ರಾವಕನು ನಿಂತ ಸಂದರ್ಭವದು. ಅಭಿಷೇಕ ಮುಗಿದ ಮೇಲೆ ಅವರು ಬೆಟ್ಟದಲ್ಲಿ ಉಳಿಯಲಿಲ್ಲ. ಮರಳಿ ತಮ್ಮ ಹೊಣೆಗೆ ಬಂದರು.

ಆದರೆ ಅವರ ಕಥೆ ಇಲ್ಲಿಗೆ ಮಂಗಳವಾಗುವುದಿಲ್ಲ. ಮುಂದೆ ತೆರಿಗೆಯ ಭಾರದಿಂದ ರೈತರು ದಂಗೆಯೆದ್ದರು. ಜಂಗಮರು ಅವರ ಬೆಂಬಲಕ್ಕೆ ನಿಂತರು. ಅರಸೊತ್ತಿಗೆಯು ದಂಗೆಯನ್ನು ಕ್ರೂರವಾಗಿ ಅಡಗಿಸಿತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಆ ಕಾಲದ ರೋಷವು ಮಂತ್ರಿಯನ್ನೂ ಬಿಡಲಿಲ್ಲ. 1686ರಲ್ಲಿ ಪಂಡಿತರು ಕೊಲೆಗೀಡಾದರು; ಅವರ ಸ್ಥಾನಕ್ಕೆ ತಿರುಮಲಾರ್ಯರು ಬಂದರು.

ಹಾಗಾದರೆ ಅಭಿಷೇಕವು ಅವರನ್ನು ಕಾಯಲಿಲ್ಲವೇ? ಹೀಗೆ ಕೇಳುವವರು ಶರಣಿನ ಅರ್ಥವನ್ನೇ ತಪ್ಪಾಗಿ ತಿಳಿದಿದ್ದಾರೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಎರಡನೆಯದು ಅಶರಣ ಭಾವನೆ. ಮರಣದಿಂದಲಾಗಲಿ ಕರ್ಮಫಲದಿಂದಲಾಗಲಿ ಅರಸನು ಕಾಯಲಾರ, ಧನವು ಕಾಯಲಾರದು, ಬಂಧುಗಳೂ ಕಾಯಲಾರರು. ಇದನ್ನು ಅರಿತವನೇ ಅರ್ಹಂತ, ಸಿದ್ಧ, ಸಾಧು ಹಾಗೂ ಕೇವಲಿಪ್ರಣೀತ ಧರ್ಮ ಎಂಬ ನಾಲ್ಕಕ್ಕೆ ಶರಣು ಹೋಗಬಲ್ಲನು. ಆ ಶರಣು ಆಪತ್ತಿಗೆ ಅಡ್ಡಗಟ್ಟುವ ಗೋಡೆಯಲ್ಲ. ಆಪತ್ತಿನಲ್ಲಿಯೂ ದಾರಿ ತೋರುವ ದೀಪ. ಪೂಜೆಯ ಪುಣ್ಯದಿಂದ ವ್ಯವಹಾರದ ದೋಷವನ್ನು ವಜಾ ಮಾಡಿಕೊಳ್ಳುವ ಜಮಾಖರ್ಚು ಜಿನಧರ್ಮದಲ್ಲಿಲ್ಲ. ಬೆಟ್ಟದ ಮೇಲೆ ಕಲಿತ ಸಮತೆಯನ್ನು ಕೆಳಗಿಳಿದು ತಕ್ಕಡಿಯಲ್ಲಿ, ತೆರಿಗೆಯಲ್ಲಿ, ಆಳಿನ ಕೂಲಿಯಲ್ಲಿ ತೋರಿಸಬೇಕು.

ಇಂತಹ ಶರಣಿಗೆ ಮಹಾಮಸ್ತಕಾಭಿಷೇಕದ ವೈಭವವೇ ಬೇಕೆಂದಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಒಂದಾಗಿ ಹೇಳಿದ್ದಾರೆ. ಆ ಹೊತ್ತಿನಲ್ಲಿ ಗೃಹಸ್ಥನು ವಸ್ತ್ರ ಹೊದಿಸಲ್ಪಟ್ಟ ಮುನಿಗೆ ಸಮಾನನೆಂಬುದು ಅವರ ಅಭಿಪ್ರಾಯ. ಎರಡು ಗಳಿಗೆ, ಎಂದರೆ 48 ನಿಮಿಷ, ಲೇವಾದೇವಿಯನ್ನು ಮರೆತು ಕುಳಿತವನು ಹೊಣೆಯಿಂದ ಓಡಿಹೋದವನಲ್ಲ. ಎದ್ದು ಬಂದಾಗ ಹೊರೆ ಅಷ್ಟೇ ಇರುತ್ತದೆ. ಆದರೆ ಹೊರುವವನ ಚಿತ್ತ ತಿಳಿಯಾಗಿರುತ್ತದೆ. ತಿಳಿಯಾದ ಚಿತ್ತಕ್ಕೆ ತನ್ನ ಹೊರೆಯ ಜೊತೆಗೆ, ತನ್ನಿಂದ ಇತರರ ಹೆಗಲಿಗೇರಿದ ಹೊರೆಯೂ ಕಾಣುತ್ತದೆ. ಯಳಂದೂರಿನ ಪಂಡಿತರ ಬಾಳು ಇಂದಿನ ಶ್ರಾವಕನಿಗೆ ನೀಡುವ ಪಾಠವಿದು.