ಅಮೆರಿಕದ ಡಬ್ಬಿ, ನಮ್ಮೂರ ಉಪ್ಪಿಟ್ಟು

ಹೊನ್ನಾಳಿ, ಚನ್ನಗಿರಿ ಕಡೆಯ ಅರವತ್ತು ದಾಟಿದ ಯಾರ ಹತ್ತಿರವಾದರೂ ‘ಇಸ್ಕೂಲ್ ಉಪ್ಪಿಟ್ಟು’ ಅಂದು ನೋಡಿ. ಮುಖ ಅರಳುತ್ತೆ. ಬೆಣ್ಣೆದೋಸೆ ಹೆಸರಿಗೂ ಅಷ್ಟು ಅರಳಲ್ಲ. ಸಾಸ್ವೆಹಳ್ಳಿಯಲ್ಲಿ ಓದಿದ ನಮ್ಮಪ್ಪ ಅದರ ವಾಸನೆಯನ್ನೇ ಐದು ನಿಮಿಷ ವರ್ಣಿಸ್ತಾರೆ. ಹಳದಿ ಬಣ್ಣ, ಎಣ್ಣೆ ಜಿನುಗುವ ಮುದ್ದೆ, ಜೊತೆಗೊಂದು ಲೋಟ ಪುಡಿ ಹಾಲು. ಕೇರ್ ಉಪ್ಪಿಟ್ಟು ಅಂತಲೇ ಅದಕ್ಕೆ ಹೆಸರು.

ಈ ಕೇರ್ ಎಲ್ಲಿಂದ ಬಂತು? ಕಥೆ ಶುರುವಾಗೋದು ಯುರೋಪಿನಲ್ಲಿ. ಎರಡನೇ ಮಹಾಯುದ್ಧ ಮುಗಿದು ಅರ್ಧ ಯುರೋಪ್ ಹಸಿದು ಕೂತಿತ್ತು. 1945ರಲ್ಲಿ ಅಮೆರಿಕದ 22 ಸಂಸ್ಥೆಗಳು ಸೇರಿ ಕೇರ್ ಕಟ್ಟಿದವು. ಸೈನಿಕರಿಗೆ ಮಾಡಿಟ್ಟು ಉಳಿದುಹೋದ ಆಹಾರದ ಪೆಟ್ಟಿಗೆಗಳನ್ನೇ ಕೊಂಡು, 1946ರ ಮೇ 11ಕ್ಕೆ ಫ್ರಾನ್ಸಿನ ಲೆ ಆವ್ರ್ ಬಂದರಿನಲ್ಲಿ ಇಳಿಸಿದರು. ಆಮೇಲಿನ ಪೆಟ್ಟಿಗೆಗಳಲ್ಲಿ ಲಂಚನ್ ಮೀಟ್ ಡಬ್ಬಿಯೂ ಇರ್ತಿತ್ತು. ಅಂದ್ರೆ ಉಪ್ಪು ಹಾಕಿ, ಡಬ್ಬಿಯೊಳಗೇ ಬೇಯಿಸಿದ ಮಾಂಸ. 1937ರಲ್ಲಿ ಬಂದ ‘ಸ್ಪ್ಯಾಮ್’ ಇದರಲ್ಲಿ ಹೆಸರುವಾಸಿ. ಕೊರಿಯಾದಲ್ಲಿ ಯುದ್ಧಕಾಲದ ಅದೇ ಡಬ್ಬಿಯನ್ನು ಇವತ್ತು ಹಬ್ಬದ ಉಡುಗೊರೆಯಾಗಿ ಕೊಡ್ತಾರೆ. ಹಸಿವಿನಲ್ಲಿ ತಿಂದದ್ದು ನಾಲಿಗೆ ಬಿಟ್ಟು ಹೋಗಲ್ಲ ನೋಡಿ.

1950ರಲ್ಲಿ ಕೇರ್ ಭಾರತಕ್ಕೆ ಬಂತು. ನಮ್ಮ ಶಾಲೆಗಳಿಗೆ ತಲುಪಿದ್ದು ಮಾಂಸವಲ್ಲ. ಹಾಲಿನ ಪುಡಿ, ಗೋಧಿ ನುಚ್ಚು, ಮೆಕ್ಕೆಜೋಳದ ಹಿಟ್ಟು, ಡಬ್ಬಿಯಲ್ಲಿ ಎಣ್ಣೆ. ಡಬ್ಬಿ ಮೇಲೆ ಕೈ ಕುಲುಕುವ ಚಿತ್ರ, ‘ಅಮೆರಿಕದ ಜನರ ಕೊಡುಗೆ, ಮಾರಾಟಕ್ಕಲ್ಲ’ ಅನ್ನೋ ಇಂಗ್ಲಿಷ್ ಬರಹ. ಖಾಲಿ ಡಬ್ಬಿಗೆ ಹಳ್ಳಿಯಲ್ಲಿ ಇನ್ನಿಲ್ಲದ ಬೆಲೆ. ಅದರಲ್ಲಿ ನೀರು ಹೊತ್ತರು, ರಾಗಿ ತುಂಬಿಟ್ಟರು, ತುಳಸಿ ನೆಟ್ಟರು.

ಕೊಡುಗೆ ಅಂದ್ರೆ ಬರೀ ಕರುಣೆ ಅಲ್ಲ ಸ್ವಾಮಿ. ಅಮೆರಿಕದ ಕಣಜಗಳಲ್ಲಿ ಧಾನ್ಯ ಮಿಕ್ಕಿತ್ತು. 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಪಿಎಲ್-480 ಕಾನೂನು ಅದಕ್ಕೆ ದಾರಿ ಮಾಡಿತು. 1965ರಲ್ಲಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂದರು. 1966ರಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯ ಆಮದು ಮಾಡಿಕೊಂಡಿತು. ಭಾರತ ವಿಯೆಟ್ನಾಂ ಯುದ್ಧದ ಬಗ್ಗೆ ಬಾಯಿ ಬಿಟ್ಟರೆ ಅಧ್ಯಕ್ಷ ಜಾನ್ಸನ್‌ಗೆ ಸಿಟ್ಟು. ಗೋಧಿಯನ್ನು ಒಂದೊಂದೇ ತಿಂಗಳ ಲೆಕ್ಕದಲ್ಲಿ, ಬಿಗಿ ಹಿಡಿದು ಕಳಿಸ್ತಿದ್ದರು. ಹಡಗು ತಡವಾದರೆ ಇಲ್ಲಿ ಪಡಿತರದ ಅಂಗಡಿ ಖಾಲಿ. (ಕಾಂಗ್ರೆಸ್ ಗಿಡವೂ ಆ ಗೋಧಿ ಜೊತೆಗೇ ಬಂತು ಅನ್ನೋ ಮಾತಿದೆ. ಇರಲಿ, ಅದು ಬೇರೆ ಜಗಳ.)

ವಿಚಿತ್ರ ನೋಡಿ, ಅದೇ 60ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ನಾಲೆಗಳಲ್ಲಿ ಹರಿದು, ಚನ್ನಗಿರಿ, ಹೊನ್ನಾಳಿ ಸೀಮೆಯ ಒಣಭೂಮಿ ಗದ್ದೆಯಾಗ್ತಿತ್ತು. ಗದ್ದೆ ಇದ್ದವನ ಮನೆಗೆ ಅಕ್ಕಿ ಬಂತು. ಕೂಲಿಯವನ ಮಗ ಮಧ್ಯಾಹ್ನ ತಟ್ಟೆ ಹಿಡಿದು ಶಾಲೆ ಜಗಲಿ ಮೇಲೆ ಕೂತ.

ನಮ್ಮಪ್ಪ ಹಾಗೆ ಕೂತವರು. ಅದನ್ನು ಖುಷಿಯಿಂದ ಹೇಳಿದರೆ ಅಜ್ಜಿಗೆ ಮಾತ್ರ ಸಿಟ್ಟು ಬರ್ತಿತ್ತು. “ಮನೇಲಿ ಹೊಟ್ಟೆಗಿರ್ಲಿಲ್ಲ ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ತೀಯೇನೋ?” ಮಗನಿಗೆ ಅದು ರುಚಿ, ತಾಯಿಗೆ ಅವಮಾನ. ನಾನು ಅಜ್ಜಿಯ ಪಕ್ಷ. ‘ಆಗಿನ ಉಪ್ಪಿಟ್ಟಿನ ಮುಂದೆ ಯಾವುದೂ ಇಲ್ಲ’ ಅನ್ನುವವರು, ಬೆಳಗ್ಗೆ ಏನೂ ತಿನ್ನದೆ ಶಾಲೆಗೆ ಹೋಗಿದ್ದನ್ನು ಹೇಳೋದೇ ಇಲ್ಲ.

ಅಪ್ಪನ ತಲೆಮಾರು ಅಮೆರಿಕದ್ದು ಅಂತ ತಿಂದ ಮೆಕ್ಕೆಜೋಳ ಈಗ ದಾವಣಗೆರೆ ಜಿಲ್ಲೆಯ ಮುಖ್ಯ ಬೆಳೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಲ್ಲ ಅದೇ ಒಣಗುತ್ತೆ. ತಿನ್ನೋದು ಬಹುಪಾಲು ಕೋಳಿಗಳು.

2001ರ ನವೆಂಬರ್ 28ರಂದು, ಸರ್ಕಾರಿ ಶಾಲೆ ಮಕ್ಕಳಿಗೆ ಬಿಸಿಯೂಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಆದೇಶಿಸಿತು. ಮರುವರ್ಷ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯ್ತು. ಈಗ ಮಗುವಿನ ತಟ್ಟೆಗೆ ಬೀಳೋದು ಯಾರದೋ ಕೊಡುಗೆಯಲ್ಲ, ಅದರ ಹಕ್ಕು. ಆ ತಟ್ಟೆಗೆ ಮೊಟ್ಟೆ ಹಾಕಬೇಕೋ ಬೇಡವೋ ಅಂತ ಸ್ಟುಡಿಯೋದಲ್ಲಿ ಕೂತು ಕಿರುಚುವವರು, ನನ್ನನ್ನೂ ಸೇರಿಸಿ, ಮಧ್ಯಾಹ್ನದ ಊಟ ಮುಗಿಸಿಯೇ ಬಂದಿರ್ತೀವಿ.