ಒಳಲೆ, ಬಾಟಲಿ ಮತ್ತು ನಿಪ್ಪಲ್



ಮನೆಯಲ್ಲಿ ಮಗು ಹುಟ್ಟಿತೆಂದರೆ ಈಗ ಅಂಗಡಿಯ ಪಟ್ಟಿ ಉದ್ದವಾಗುತ್ತದೆ. ಹಾಲಿನ ಬಾಟಲಿ, ಅದಕ್ಕೆ ನಿಪ್ಪಲ್, ತೊಳೆಯಲು ಬ್ರಷ್, ಅಳುವ ಮಗುವಿನ ಬಾಯಿಗಿಡಲು ಹಾಲಿಲ್ಲದ ಇನ್ನೊಂದು ನಿಪ್ಪಲ್. ಬಾಣಂತಿಗೆ ಅಜ್ಜಿ ಒಂದು ಹೇಳಿದರೆ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಈ ಸಾಮಾನುಗಳು ನಮ್ಮ ಮನೆಗೆ ಬಂದ ದಾರಿಯನ್ನು ತಿಳಿದರೆ ಯಾವುದು ಬೇಕು, ಯಾವುದು ಬೇಡ ಎಂದು ನೀವೇ ನಿರ್ಧರಿಸಬಹುದು.

ನಮ್ಮಲ್ಲಿ ಹಿಂದಿನಿಂದ ಇದ್ದದ್ದು ಒಳಲೆ. ಅಂಗೈಯಲ್ಲಿ ಕೂರುವ ಚಿಕ್ಕ ಬಟ್ಟಲು, ಒಂದು ಕಡೆ ಕೊಕ್ಕಿನಂತಹ ಬಾಯಿ. ತಾಳವಾಡಿ, ಹೊಸೂರು ಕಡೆಯವರು ನೆರೆಯ ತಮಿಳರ ಬಾಯಲ್ಲಿ ಇದನ್ನೇ ‘ಪಾಲಾಡೈ’ ಎಂದು ಕೇಳಿರುತ್ತೀರಿ. ಇಂಥ ಉಪಾಯ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಸಮಾಧಿಗಳಿಂದ ದೊರೆತ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಕೊಕ್ಕಿನ ಮಣ್ಣುಕುಡಿಕೆಗಳಲ್ಲಿ ಪ್ರಾಣಿಗಳ ಹಾಲಿನ ಅಂಶ ಇದ್ದುದನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು.

ಯೂರೋಪಿನಲ್ಲಿ ಬಾಟಲಿಯ ಬಾಯಿಗೆ ಬಟ್ಟೆ, ಚರ್ಮ, ಕೆಲವೊಮ್ಮೆ ಹಸುವಿನ ಕೆಚ್ಚಲ ತೊಟ್ಟನ್ನೇ ಕಟ್ಟುತ್ತಿದ್ದರು. 1845ರಲ್ಲಿ ನ್ಯೂಯಾರ್ಕಿನ ಎಲೈಜಾ ಪ್ರಾಟ್ ರಬ್ಬರ್ ನಿಪ್ಪಲ್‌ಗೆ ಪೇಟೆಂಟ್ ಪಡೆದರು. ಬಳಿಕ ಇಂಗ್ಲೆಂಡಿನಲ್ಲಿ ಉದ್ದ ರಬ್ಬರ್ ಕೊಳವೆಯ ಗಾಜಿನ ಬಾಟಲಿಗಳು ಬಂದವು. ಯಾರೂ ಹಿಡಿಯದೆ ಮಗು ತಾನೇ ಕುಡಿಯಬಹುದೆಂದು ಅವು ಬಹಳ ಜನಪ್ರಿಯವಾದವು. ಆದರೆ ಆ ಕೊಳವೆಯ ಒಳಗನ್ನು ತೊಳೆಯಲಾಗುತ್ತಿರಲಿಲ್ಲ. ಹಳಸಿದ ಹಾಲು ಅಲ್ಲೇ ಉಳಿದು ರೋಗಾಣುಗಳ ಗೂಡಾಯಿತು. ಎಷ್ಟು ಹಸುಳೆಗಳು ಬೇಧಿಯಿಂದ ಸತ್ತವೆಂದರೆ ಅದಕ್ಕೆ ‘ಕೊಲೆಗಾರ ಬಾಟಲಿ’ ಎಂಬ ಹೆಸರೇ ಬಿತ್ತು. ಫ್ರಾನ್ಸ್ 1910ರಲ್ಲಿ ಅದನ್ನು ನಿಷೇಧಿಸಿತು. ಬಾಟಲಿಯ ಇತಿಹಾಸದ ಮೊದಲ ಪಾಠ ಇದು: ಕಣ್ಣಿಗೆ ಕಾಣದ, ಕೈಗೆ ಸಿಗದ ಮೂಲೆ ಯಾವ ಪಾತ್ರೆಯಲ್ಲಿದೆಯೋ ಅದರಿಂದ ಮಗುವಿಗೆ ಅಪಾಯ.

ಬಾಟಲಿಗೆ ತಕ್ಕ ಪುಡಿಯೂ ಬಂತು. 1867ರಲ್ಲಿ ಹೆನ್ರಿ ನೆಸ್ಲೆ ಸ್ವಿಟ್ಜರ್ಲೆಂಡಿನಲ್ಲಿ ಹಾಲು ಮತ್ತು ಗೋಧಿಹಿಟ್ಟಿನ ಶಿಶು ಆಹಾರವನ್ನು ಮಾರಾಟಕ್ಕೆ ತಂದರು. ನಮ್ಮ ದೇಶದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ತಾಯಿ ಇಲ್ಲದ ಮಗುವಿಗೆ, ಹಾಲು ಸಾಲದ ತಾಯಿಗೆ ಇಂಥ ಪುಡಿ ನಿಜಕ್ಕೂ ಆಸರೆ. ತೊಂದರೆ ಬಂದದ್ದು ಹಾಲಿರುವ ತಾಯಂದಿರಿಗೂ ಅದನ್ನು ಮಾರಲು ಹೊರಟಾಗ. ಶುದ್ಧ ನೀರಿಲ್ಲದ ಮನೆಯಲ್ಲಿ, ದುಬಾರಿ ಡಬ್ಬಿಯನ್ನು ಹೆಚ್ಚು ದಿನ ಬರಿಸಲು ನೀರು ಹೆಚ್ಚಿಸಿ ಕಲಸಿದರೆ, ಮಗುವಿಗೆ ಸಿಗುವುದು ಬೇಧಿ ಮತ್ತು ಹಸಿವು. 1939ರಲ್ಲಿ ಸಿಂಗಾಪುರದ ರೋಟರಿ ಸಭೆಯಲ್ಲಿ ಡಾ. ಸಿಸೆಲಿ ವಿಲಿಯಮ್ಸ್ ಇಂಥ ಪ್ರಚಾರವನ್ನು ಕೊಲೆಗೆ ಸಮವೆಂದು ನಿಷ್ಠುರವಾಗಿ ಹೇಳಿದರು. ಆ ಮಾತು ಜಗತ್ತಿನ ಕಿವಿಗೆ ಬೀಳಲು ದಶಕಗಳೇ ಬೇಕಾದವು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ 118 ದೇಶಗಳು ಮಾರಾಟ ಸಂಹಿತೆಯ ಪರವಾಗಿ ಮತ ಹಾಕಿದವು. ವಿರೋಧಿಸಿದ್ದು ಅಮೆರಿಕ ಒಂದೇ.

ಭಾರತದ ಕಾಯಿದೆ 1992ರದು. 1993ರ ಆಗಸ್ಟ್ 1ರಂದು ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೂಡದು, ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚಕೂಡದು, ಪುಡಿಯ ಡಬ್ಬಿಯ ಮೇಲೆ ಮಗುವಿನ ಚಿತ್ರ ಇರಕೂಡದು. ಯಾರಾದರೂ ನಿಮ್ಮ ಹಾಸಿಗೆಯ ಬಳಿಗೆ ಬಂದು ಡಬ್ಬಿಯನ್ನು ಉಚಿತವಾಗಿ ಕೊಟ್ಟರೆ ಅದು ಕಾಯಿದೆಗೆ ವಿರುದ್ಧ ಎಂಬುದು ನೆನಪಿರಲಿ.

ಹಾಲಿಲ್ಲದ ನಿಪ್ಪಲ್‌ನ ಕಥೆ ಬೇರೆ. ಹಿಂದೆ ಅದು ಸಿಹಿ ಕಟ್ಟಿದ ಬಟ್ಟೆಯ ಗಂಟು. ಡ್ಯೂರರ್ 1506ರಲ್ಲಿ ಬರೆದ ಚಿತ್ರದಲ್ಲಿ ಬಾಲಯೇಸುವಿನ ಕೈಯಲ್ಲೂ ಅಂಥದೊಂದು ಇದೆ. ಆಸ್ಪತ್ರೆಗಳಿಗಾಗಿ 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಹತ್ತು ಸೂತ್ರಗಳನ್ನು ಕೊಟ್ಟಾಗ, ಎದೆಹಾಲು ಕುಡಿಯುವ ಮಗುವಿಗೆ ಇದು ಬೇಡವೇ ಬೇಡ ಎಂದಿದ್ದವು. 2018ರಲ್ಲಿ ಆ ಮಾತು ಬದಲಾಯಿತು: ಅಪಾಯವನ್ನು ತಾಯಿಗೆ ತಿಳಿಸಿ ಹೇಳಬೇಕು ಎಂದಾಯಿತು. ಮಗು ಬಾಯಿ ಚಪ್ಪರಿಸುವುದು, ಕೈ ಚೀಪುವುದು ಹಸಿವಿನ ಕರೆ. ಆಗ ನಿಪ್ಪಲ್ ಇಟ್ಟರೆ ಕರೆ ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ. ಮೊದಲ ವಾರಗಳಲ್ಲಿ ಎದೆಗೆ ಹಚ್ಚುವುದು ತಪ್ಪಿದಷ್ಟೂ ಹಾಲು ಕಡಿಮೆಯಾಗುತ್ತದೆ. ಹಾಲೂಡಿಕೆ ಚೆನ್ನಾಗಿ ಕುದುರಿದ ಮೇಲೆ ಬೇಕೆಂದರೆ ಅದು ನಿಮ್ಮ ವಿವೇಚನೆಗೆ ಬಿಟ್ಟದ್ದು.

ಕೊನೆಗೊಂದು ಮಾತು. ದಿನ ತುಂಬದೆ ಹುಟ್ಟಿ, ಚೀಪಲು ಇನ್ನೂ ಶಕ್ತಿಯಿಲ್ಲದ ಕೂಸಿಗೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ತಾಯಿಯ ಹಾಲನ್ನು ಹಿಂಡಿ ಕುಡಿಸುವುದು ಬಾಟಲಿಯಿಂದಲ್ಲ, ಅದೇ ಪಾಲಾಡೈಯಿಂದ, ಅಂದರೆ ನಮ್ಮ ಒಳಲೆಯಿಂದ. ಅದರಲ್ಲಿ ಕೊಳವೆಯಿಲ್ಲ, ಮೂಲೆಯಿಲ್ಲ. ತಿಕ್ಕಿ ತೊಳೆದು ಕುದಿಸಿದರೆ ಸಾಕು. ನಿಮ್ಮ ಮನೆಯ ಅಟ್ಟದಲ್ಲಿ ಒಳಲೆಯೊಂದು ಉಳಿದಿದ್ದರೆ ಹಳೆಯ ಸಾಮಾನೆಂದು ಮಾರಿಬಿಡಬೇಡಿ.